ರಟ್ಟಿನ ಜೊತೆ ಹೋದ ನಲವತ್ತೊಂದು ಫೋಟೊ

ಹಳೆಯ ಪುಸ್ತಕವೊಂದನ್ನು ಎತ್ತಿ ಕೊಡವಿದರೆ ಒಳಗಿಂದ ಏನಾದರೂ ಬೀಳುತ್ತದೆ. ಯಾವುದೋ ಕಾಲದ ಬಸ್ ಟಿಕೆಟ್ಟು, ಒಣಗಿದ ಹೂವು, ಯಾರದೋ ಚಿಕ್ಕ ಫೋಟೊ. ಇಟ್ಟವರಿಗೆ ಮರೆತಿರುತ್ತದೆ, ಪುಸ್ತಕಕ್ಕೆ ಮರೆತಿರುವುದಿಲ್ಲ. ಹೀಗೆ ಇನ್ನೊಬ್ಬರು ಇಟ್ಟದ್ದನ್ನು ಕಾಯುವ ಕೆಲಸವನ್ನು ದೇವರು ಕೆಲವರಿಗೆ ವಹಿಸುತ್ತಾನೆ. ಅಂಥವರೊಬ್ಬರು ಕಮಾನಿನ ಬೀದಿಯಲ್ಲಿ ಬೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದರು.

ಮೂರು ಮೆಟ್ಟಿಲು ಹತ್ತಿ ಒಳಗೆ ಕಾಲಿಟ್ಟರೆ ಅಂಟಿನ ವಾಸನೆ, ಹೊಸ ಬಟ್ಟೆಯ ವಾಸನೆ, ಕತ್ತರಿಸಿದ ಕಾಗದದ ವಾಸನೆ ಒಟ್ಟಿಗೆ ಬರುತ್ತದೆ. ನಡುವೆ ಒಂದು ಕಬ್ಬಿಣದ ಪ್ರೆಸ್ಸು. ಅದರ ಹಿಡಿ ಎರಡು ತಲೆಮಾರಿನ ಕೈ ತಾಗಿ ಬೆಳ್ಳಗೆ ಹೊಳೆಯುತ್ತದೆ. ಅಂಗಡಿಯವರನ್ನು ಬೀದಿಯವರೆಲ್ಲ ಅಂಟಪ್ಪ ಎಂದೇ ಕರೆಯುವುದು. ಅವರ ತಂದೆಯನ್ನೂ ಹಾಗೆಯೇ ಕರೆಯುತ್ತಿದ್ದರು. ಪ್ರೆಸ್ಸಿನ ಜೊತೆ ಹೆಸರೂ ಮಗನಿಗೆ ಬಂತು.

ಒಂದು ಕಾಲದಲ್ಲಿ, ಶಾಲೆ ಶುರುವಾಗುವ ತಿಂಗಳಲ್ಲಿ ಆ ಮೆಟ್ಟಿಲ ಮೇಲೆ ಕೂರಲು ಜಾಗ ಸಿಗುತ್ತಿರಲಿಲ್ಲ. ಅಣ್ಣ ಓದಿ ಮುಗಿಸಿದ ಪುಸ್ತಕ ತಮ್ಮನಿಗೆ, ತಮ್ಮನದು ತಂಗಿಗೆ. ಪ್ರತಿ ಸಲವೂ ಹೊಸ ರಟ್ಟು. ಮುದುಕರು ಪ್ರಾರ್ಥನೆಯ ಪುಸ್ತಕ ತರುತ್ತಿದ್ದರು, ನರ್ಸುಗಳು ಆಸ್ಪತ್ರೆಯ ದಪ್ಪ ರಿಜಿಸ್ಟರ್ ತರುತ್ತಿದ್ದರು. ಆಗೆಲ್ಲ ಹಿಂಬದಿಯ ರಟ್ಟಿಗೆ ಒಳಗಡೆ ಒಂದು ಕಾಗದದ ಜೇಬು ಅಂಟಿಸುವ ಪದ್ಧತಿ ಇತ್ತು. ಜನ ಅದರಲ್ಲಿ ಏನೇನೋ ಇಟ್ಟು ಮರೆಯುತ್ತಿದ್ದರು. ಮಗನ ಕೈಗೆ ಮೊದಲ ಸಲ ಚಾಕು ಕೊಟ್ಟ ದಿನ ದೊಡ್ಡ ಅಂಟಪ್ಪ ಹೇಳಿದ್ದರು: “ಹಳೇ ರಟ್ಟು ಕೀಳೋಕೆ ಮುಂಚೆ ಜೇಬಿಗೆ ಬೆರಳು ಹಾಕಿ ನೋಡು. ರಟ್ಟು ನಿಂದು, ಎಸೀಬಹುದು. ಜೇಬಲ್ಲಿರೋದು ಅವರದು.”

ಕಾಲ ಸರಿಯಿತು. ಜನರ ನೆನಪುಗಳೆಲ್ಲ ಪುಸ್ತಕ ಬಿಟ್ಟು ಫೋನಿನೊಳಗೆ ಸೇರಿಕೊಂಡವು. ಅಂಟಪ್ಪ ಕೈಕಟ್ಟಿ ಕೂತಾಗ ದಾರಿ ಹುಡುಕಿದ್ದು ಅವರ ಹೆಂಡತಿ. ಸ್ವಸಹಾಯ ಗುಂಪಿನ ತರಗತಿಗೆ ಆರು ತಿಂಗಳು ಹೋಗಿ, ಐವತ್ತೆರಡನೆಯ ವಯಸ್ಸಿನಲ್ಲಿ ವೆಬ್‌ಸೈಟ್ ಮಾಡುವುದನ್ನು ಕಲಿತು ಬಂದರು.

“ನೋಡ್ರೀ, ಜನ ಮನೇಲೇ ಕೂತು ಫೋಟೊ ಕಳಿಸ್ತಾರೆ. ನಾವು ಅಚ್ಚು ಹಾಕಿ, ಹೊಲಿದು, ರಟ್ಟು ಕಟ್ಟಿ ಕೊಡೋಣ. ಮನೆಗೊಂದು ಪುಸ್ತಕ.”

“ನೀನು ಈ ಮನೆಗೆ ಬಂದಾಗ ಸೂಜಿಗೆ ದಾರ ಪೋಣಿಸೋಕೂ ಬರ್ತಿರಲಿಲ್ಲ.”

“ನಿಮಗೆ ಈಗಲೂ ಬರಲ್ಲ. ಕನ್ನಡಕ ಹುಡುಕೋದ್ರಲ್ಲೇ ಅರ್ಧ ದಿನ ಹೋಗುತ್ತೆ.”

ಸೈಟು ಶುರುವಾಯಿತು. ಯಾರಾದರೂ ಫೋಟೊ ಕಳಿಸಿದ ಕೂಡಲೇ ಅವರ ಫೋನಿನಲ್ಲಿ ಒಂದು ಸಾಲು ಮೂಡುತ್ತಿತ್ತು: ‘ನಿಮ್ಮ ಚಿತ್ರ ನಮ್ಮಲ್ಲಿಗೆ ಕ್ಷೇಮವಾಗಿ ತಲುಪಿದೆ.’ ಆ ಸಾಲು ಬರೆಸಿದವರು ಅಂಟಪ್ಪನೇ. ಹಿಂದೆ ಕಾಗದಗಳಲ್ಲಿ ಮೊದಲು ಕ್ಷೇಮ ಬರೆದು ಆಮೇಲೆ ತಾನೇ ವಿಷಯಕ್ಕೆ ಬರುತ್ತಿದ್ದುದು? ಅದನ್ನು ನೆನೆದು ಬರೆಸಿದರು.

ಮುಚ್ಚಿಹೋದ ಯಾವುದೋ ಕಚೇರಿಯಿಂದ ತಂದ ಹಳೆಯ ಕಂಪ್ಯೂಟರು ಪ್ರೆಸ್ಸಿನ ಮೇಜಿನ ಕೆಳಗೆ ಗುಂಯ್ ಎನ್ನುತ್ತಾ ಕೂತಿತ್ತು. ಸೈಟೂ ಅದರಲ್ಲೇ, ಜನ ಕಳಿಸಿದ ಫೋಟೊಗಳೂ ಅದರಲ್ಲೇ.

ಅಂಟಪ್ಪನವರ ತಂಗಿಯ ಮಗಳು ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವವಳು. ರಜೆಯ ದಿನ ಬಂದವಳು ಮೇಜಿನ ಕೆಳಗೆ ಬಗ್ಗಿ ನೋಡಿದಳು.

“ಮಾವ, ಸೈಟು ಇದರಲ್ಲಿರಲಿ, ಪರವಾಗಿಲ್ಲ. ಜನ ಕಳಿಸೋ ಫೋಟೊ ಇದರೊಳಗೆ ಇಡಬೇಡಿ. ಕ್ಲೌಡಲ್ಲಿ ಇಡಿ.”

“ಮೋಡದಲ್ಲಾ? ಗಾಳಿ ಬೀಸಿದ ಕಡೆ ಹೋಗುತ್ತಲ್ಲೇ ಅದು.”

“ಹೆಸರು ಮಾತ್ರ ಮೋಡ. ಇರೋದು ನೆಲದ ಮೇಲೇ. ದೊಡ್ಡ ದೊಡ್ಡ ಕಟ್ಟಡ, ಒಳಗೆ ಸಾಲಾಗಿ ಮೆಷಿನ್ನು. ಒಂದು ಫೋಟೊ ಕೊಟ್ಟರೆ ಹಲವು ಕಡೆ ಬರೆದಿಡ್ತಾರೆ. ಒಂದು ಕೆಟ್ಟರೆ ಇನ್ನೊಂದರಲ್ಲಿ ಇರುತ್ತೆ.”

“ಯಾರ ಕಟ್ಟಡ? ನಿಮ್ಮಪ್ಪಂದಾ?”

“ನಮ್ಮಪ್ಪಂದಾಗಿದ್ರೆ ನಾನ್ಯಾಕೆ ಆಸ್ಪತ್ರೇಲಿ ದುಡೀತಿದ್ದೆ?”

ಅಂಟಪ್ಪ ನಗಲಿಲ್ಲ. “ತಮಾಷೆ ಅಲ್ಲ ಮಗಳೇ. ಜನ ನನ್ನ ಮುಖ ನೋಡಿ ಕೊಟ್ಟಿದ್ದನ್ನ ನಾನು ಮುಖ ಕಾಣದವರ ಕೈಗೆ ಹೇಗೆ ಕೊಡಲಿ? ಇಲ್ಲಾದ್ರೆ ಕಣ್ಮುಂದೆ ಇದೆ. ಕೂತರೆ ಕಾಲಿಗೆ ತಾಗುತ್ತೆ.”

“ಕಾಲಿಗೆ ತಾಗಿದ ಮಾತ್ರಕ್ಕೆ ಭದ್ರವಾಗಿದೆ ಅಂತಲ್ಲ ಮಾವ.”

“ಬಿಡೇ,” ಎಂದರು ಅಂಟಪ್ಪನ ಹೆಂಡತಿ, ಅವಳ ಅತ್ತೆ. “ಇವರು ಛತ್ರೀನೂ ಮಂಚದ ಪಕ್ಕದಲ್ಲೇ ಇಟ್ಕೊಂಡು ಮಲಗೋ ಜಾತಿ.”

ಸೋದರ ಸೊಸೆ, ವಯಸ್ಸಿನಲ್ಲಿ ಚಿಕ್ಕವಳು, ಹೆಚ್ಚು ಒತ್ತಾಯ ಮಾಡಲಿಲ್ಲ. ಮಾತು ಅಲ್ಲಿಗೇ ನಿಂತಿತು.

ಆ ವಾರವೇ ಅಂಚೆಯಣ್ಣ ಮೆಟ್ಟಿಲು ಹತ್ತಿ ಬಂದರು. ಮೂವತ್ತನಾಲ್ಕು ವರ್ಷ ಅದೇ ಬೀದಿಗಳಲ್ಲಿ ಟಪಾಲು ಹಂಚಿ ನಿವೃತ್ತರಾದವರು. ಬಂದವರು ಬಹಳ ಹೊತ್ತು ಪ್ರೆಸ್ಸಿನ ಹಿಡಿಯನ್ನೇ ಸವರುತ್ತಾ ಕೂತರು.

“ಅಕ್ಕನಿಗೆ ನೆನಪು ಹೋಗ್ತಾ ಇದೆ ಅಂಟಪ್ಪ. ಮೊದಲು ನಿನ್ನೆಯದು ಹೋಯ್ತು. ಆಮೇಲೆ ಹೋದ ವರ್ಷದ್ದು. ಈಗ ಬೆಳಗ್ಗೆ ಎದ್ದು ‘ಇದು ಯಾರ ಮನೆ?’ ಅಂತ ನನ್ನನ್ನೇ ಕೇಳ್ತಾಳೆ.”

ಅಂಟಪ್ಪನ ಕೈ ಕೆಲಸ ನಿಲ್ಲಿಸಿತು. ಆ ಅಕ್ಕನನ್ನು ಅರಿಯದವರು ಬೀದಿಯಲ್ಲಿ ಯಾರಿದ್ದರು? ತಾಯಿ ತೀರಿಕೊಂಡಾಗ ಆಕೆಗೆ ಹದಿನೆಂಟು, ತಮ್ಮನಿಗೆ ನಾಲ್ಕು. ಕಾಲಲ್ಲಿ ತುಳಿಯುವ ಹೊಲಿಗೆ ಮೆಷಿನ್ನಿನಿಂದಲೇ ಅವನನ್ನು ಸಾಕಿ ಓದಿಸಿದಳು. ಅರ್ಧ ಬೀದಿಯ ಮಕ್ಕಳು ಅವಳು ಹೊಲಿದ ಅಂಗಿ ತೊಟ್ಟೇ ಶಾಲೆಗೆ ಹೋದದ್ದು. ಸಂಜೆ ಆ ಕಡೆ ಹಾದರೆ ಕಿಟಕಿಯಿಂದ ಮೆಷಿನ್ನಿನ ಸದ್ದು, ಅದರ ಜೊತೆಗೆ ಅವಳ ಮೆಲುದನಿಯ ಪ್ರಾರ್ಥನೆ.

“ಮುಖ ಗುರುತು ಸಿಗಲ್ಲ,” ಎಂದರು ಅಂಚೆಯಣ್ಣ. “ಆದರೆ ಹಳೇ ಫೋಟೊ ಕೈಗೆ ಕೊಟ್ಟರೆ ಬಟ್ಟೆ ನೋಡ್ತಾಳೆ. ಕಾಲರ್ ಮೇಲೆ ಬೆರಳಿಟ್ಟು, ‘ಇದು ನಾನು ಹೊಲಿದಿದ್ದು. ಈ ಹುಡುಗನ ಎಡಭುಜ ತಗ್ಗು, ಒಳಗೆ ಒಂದು ಪಟ್ಟಿ ಕೊಟ್ಟಿದ್ದೆ’ ಅಂತಾಳೆ. ಆಮೇಲೆ ನಿಧಾನಕ್ಕೆ, ‘ಇವನು ನನ್ನ ತಮ್ಮ ಅಲ್ವಾ?’ ಅಂತ ನನ್ನ ಕಡೆ ತಿರುಗ್ತಾಳೆ. ಆ ದಿನ ಚೆನ್ನಾಗಿ ಊಟ ಮಾಡ್ತಾಳೆ. ನನ್ನ ಪುಟ್ಟ ಅಂತ ಕರೀತಾಳೆ.” ಅವರು ಕನ್ನಡಕ ತೆಗೆದು ಒರೆಸಿದರು. “ಪುಟಕ್ಕೊಂದು ಫೋಟೊ ಹಾಕಿ ಒಂದು ಪುಸ್ತಕ ಮಾಡಿಕೊಡು. ದಿನಾ ಬೆಳಗ್ಗೆ ತಿರುಗಿಸ್ತಾಳೆ. ಹೊಲಿಗೆ ಕಾಣಬೇಕು. ಮುಖ ಮಬ್ಬಾದ್ರೂ ಚಿಂತೆಯಿಲ್ಲ.”

“ಆಲ್ಬಮ್ ಎಲ್ಲಿ ಅಂಚೆಯಣ್ಣ?”

“ಹಾಳಾಯ್ತು. ಥಂಡಿ ಹಿಡಿದಿತ್ತು. ಪುಣ್ಯಕ್ಕೆ ಮೊದಲೇ ಎಲ್ಲವನ್ನೂ ಫೋನಲ್ಲಿ ತೆಕ್ಕೊಂಡಿದ್ದೆ. ಆಮೇಲೆ ಬಿಡಿಸೋಕೆ ಹೋದೆ. ಕಾಗದ ಕೈಗೆ ಬಂತು, ಚಿತ್ರ ಆಲ್ಬಮ್ಮಿಗೇ ಅಂಟಿಕೊಂಡು ಚೂರಾಯ್ತು.”

ಅಂಗಡಿಯ ಬೆಂಚಿನ ಮೇಲೇ ಕೂತು, ಅತ್ತೆ ತೋರಿಸಿದಂತೆ, ಒಂದೊಂದಾಗಿ ಕಳಿಸಿದರು. ನಲವತ್ತೊಂದು ಫೋಟೊ. ನಲವತ್ತೊಂದು ಸಲವೂ ಆ ಸಾಲು ಮೂಡಿತು. ಪ್ರತಿ ಸಲವೂ ಅವರು ಗಟ್ಟಿಯಾಗಿ ಓದಿದರು: “ಕ್ಷೇಮವಾಗಿ ತಲುಪಿದೆ.” ಓದುವಾಗ ಮುಖ ಅರಳುತ್ತಿತ್ತು.

“ಮೂವತ್ತನಾಲ್ಕು ವರ್ಷ ಊರವರದ್ದೆಲ್ಲ ತಲುಪಿಸಿದೆ. ಇವತ್ತು ನನ್ನದೂ ತಲುಪ್ತು ನೋಡು. ಅಂಟಪ್ಪ, ಈ ಫೋನು ಜಾಗ ಇಲ್ಲ, ಜಾಗ ಇಲ್ಲ ಅಂತ ದಿನಾ ಬೊಬ್ಬೆ ಹೊಡೀತಿದೆ. ಇದರಲ್ಲಿರೋದನ್ನ ಅಳಿಸಿಬಿಡಲಾ?”

“ತಲುಪಿದೆ ಅಂತ ಬರೆದಿದೆಯಲ್ಲ, ಅಳಿಸಿ,” ಎಂದರು ಅಂಟಪ್ಪ, ರಟ್ಟಿನ ಅಳತೆ ಮಾಡುತ್ತಾ. ತಲೆ ಕೂಡ ಎತ್ತಲಿಲ್ಲ. ಅಂಚೆಯಣ್ಣ ಎಲ್ಲವನ್ನೂ ಅಳಿಸಿದರು. ಫೋನಿನ ಕಸದಬುಟ್ಟಿಯನ್ನೂ ಖಾಲಿ ಮಾಡಿ, ಹಗುರಾಗಿ ಮನೆಗೆ ಹೋದರು.

ಆರು ದಿನ ಕಳೆದ ಮೇಲೆ ಅತ್ತೆ ಸೈಟಿಗೆ ಹೊಸ ರೂಪ ಕೊಡಲು ಕೂತರು. ಮೊದಲನೆಯದು ಕಲಿಯುವಾಗ ಮಾಡಿದ್ದು, ಅಂದವಿರಲಿಲ್ಲ. ಈಗ ಎರಡು ವಾರ ಕೂತು ಚೆಂದದ್ದೊಂದನ್ನು ಮಾಡಿಟ್ಟಿದ್ದರು.

ಇಲ್ಲಿ ಒಂದು ಮಾತು ಹೇಳಬೇಕು. ಹಳೆಯ ರಟ್ಟಿನ ಮೇಲೆ ಹೊಸದನ್ನು ಅಂಟಿಸುವುದನ್ನು ಬೈಂಡಿಂಗ್ ಬಲ್ಲವರು ಅವಮಾನವೆಂದೇ ತಿಳಿಯುತ್ತಾರೆ. ಹಳೆಯದನ್ನು ಪೂರ್ತಿ ಕಿತ್ತು, ಅಂಟಿನ ಚೂರೂ ಉಳಿಯದಂತೆ ಕೆರೆದು, ಆಮೇಲೆ ಹೊಸದನ್ನು ಕೂರಿಸಬೇಕು. ಮೂವತ್ತು ವರ್ಷ ಆ ಕೆಲಸ ಮಾಡಿದ ಕೈ ಅತ್ತೆಯದು. ತರಗತಿಯಲ್ಲಿ ‘ಹಳೆಯದರ ಮೇಲೆ ಹೊಸ ಫೈಲುಗಳನ್ನು ಹಾಕಿದರೆ ಸಾಕು’ ಎಂದಿದ್ದರು. ಅತ್ತೆಗೆ ಅದು ಕೊಳಕು ಕೆಲಸವೆನ್ನಿಸಿತು. ಸೈಟಿನ ಹಳೆಯ ಫೋಲ್ಡರನ್ನು ಬುಡಸಮೇತ ಅಳಿಸಿದರು. ಹೊಸದನ್ನು ತಂದು ಅದರ ಜಾಗದಲ್ಲಿಟ್ಟರು. ಸೈಟು ಕನ್ನಡಿಯಂತೆ ಹೊಳೆಯಿತು.

“ರೀ, ಬನ್ನಿ ನೋಡಿ.”

ಅಂಟಪ್ಪ ಬಂದು ಮೆಚ್ಚಿ ತಲೆದೂಗಿದರು. “ಅಂಚೆಯಣ್ಣಂದು ತೆಗಿ. ಇವತ್ತು ಅಚ್ಚು ಹಾಕೋಣ.”

ಅತ್ತೆ ತೆಗೆದರು. ಬೂದು ಬಣ್ಣದ ನಲವತ್ತೊಂದು ಖಾಲಿ ಚೌಕ.

ಮತ್ತೆ ತೆಗೆದರು. ಮತ್ತೆ ಅದೇ. ಸೊಸೆಗೆ ಫೋನು ಮಾಡಿದಾಗ ಅವರ ಬಾಯಿಂದ ಮಾತು ಅರ್ಧಂಬರ್ಧ ಬಂತು. ಆ ಕಡೆಯಿಂದ ಅವಳು ಒಂದೇ ಉಸಿರಿಗೆ ಹೇಳಿದಳು: “ಅತ್ತೆ, ಏನೂ ಒತ್ತಬೇಡಿ. ಈಗಲೇ ಕರೆಂಟು ತೆಗೆದುಬಿಡಿ. ಹೊಸದಾಗಿ ಏನು ಬರೆದರೂ ಅದು ಹಳೇದರ ಮೇಲೇ ಕೂತ್ಕೊಳ್ಳುತ್ತೆ. ನಾನು ಬರ್ತೀನಿ.”

ಊಟದ ಬಿಡುವಿನಲ್ಲಿ ಓಡಿ ಬಂದಳು. ಅತ್ತೆ ಏನು ಮಾಡಿದರೆಂದು ಕೇಳಿ ತಿಳಿದುಕೊಂಡಳು. ಜನ ಕಳಿಸಿದ ಫೋಟೊಗಳು ಸೈಟಿನ ಫೋಲ್ಡರಿನ ಒಳಗೇ ಇನ್ನೊಂದು ಪುಟ್ಟ ಫೋಲ್ಡರಿನಲ್ಲಿ ಬಂದು ಬೀಳುತ್ತಿದ್ದವು.

“ನಾನು ಏನು ತಪ್ಪು ಮಾಡಿದೆ ಹೇಳೇ,” ಎಂದರು ಅತ್ತೆ.

ಅವಳು ಹೇಗೆ ಹೇಳುವುದೆಂದು ತಡವರಿಸಿದಳು. ಅಷ್ಟರಲ್ಲಿ ಅಂಟಪ್ಪನೇ ಬಾಯಿ ಬಿಟ್ಟರು. “ರಟ್ಟು ಕಿತ್ತಿದ್ದೀವಿ. ಜೇಬಿಗೆ ಬೆರಳು ಹಾಕಿ ನೋಡಲಿಲ್ಲ.”

“ಹೂಂ ಮಾವ. ಆದರೆ ಅತ್ತೇದು ತಪ್ಪಲ್ಲ. ಸೈಟು ಅಂದಮೇಲೆ ರಟ್ಟು ಬದಲಾಯಿಸ್ತಾನೇ ಇರಬೇಕು. ಜನರದ್ದನ್ನ ಆ ರಟ್ಟಿನ ಜೇಬಲ್ಲಿ ಇಟ್ಟಿದ್ದೇ ತಪ್ಪು. ಅದನ್ನ ಮಾಡಿಸಿದ್ದು ನೀವು.”

ಅಂಟಪ್ಪ ತಲೆ ತಗ್ಗಿಸಿದರು.

ಅಳಿಸಿದ್ದನ್ನು ಹುಡುಕಿ ತೆಗೆಯುವ ಪರಿಚಯದವರೊಬ್ಬರ ಬಳಿಗೆ ಅವಳು ಆ ಡಿಸ್ಕನ್ನು ಒಯ್ದಳು. ಮೂರು ದಿನ ಅಂಗಡಿಯಲ್ಲಿ ಪ್ರೆಸ್ಸು ತಿರುಗಲಿಲ್ಲ. ಬೇರೆ ನಾಲ್ಕು ಮನೆಯವರ ಫೋಟೊಗಳೂ ಹೋಗಿದ್ದವು. ಆದರೆ ಅವರ ಫೋನಿನಲ್ಲಿ ಇನ್ನೂ ಇದ್ದವು. ಅತ್ತೆ ಕ್ಷಮೆ ಕೇಳಿ ಮತ್ತೆ ತರಿಸಿಕೊಂಡರು. ಎಲ್ಲೂ ಇಲ್ಲದ್ದು ಅಂಚೆಯಣ್ಣನದು ಮಾತ್ರ. ನಾಲ್ಕನೆಯ ದಿನ ಅವಳು ಬಂದಳು. ಇಪ್ಪತ್ತೊಂಬತ್ತು ಸಿಕ್ಕಿದ್ದವು. ಹನ್ನೆರಡರ ಮೇಲೆ ಹೊಸ ಸೈಟಿನ ಫೈಲುಗಳು ಕೂತುಬಿಟ್ಟಿದ್ದವು. ಅವು ಇನ್ನು ಸಿಗುವಂತಿರಲಿಲ್ಲ.

ಅಂಟಪ್ಪ ಹಾಡುಹಗಲಲ್ಲಿ ಬಾಗಿಲು ಎಳೆದುಕೊಂಡು ಅಂಚೆಯಣ್ಣನ ಮನೆಗೆ ನಡೆದರು. ದಾರಿಯುದ್ದಕ್ಕೂ ದೇವರನ್ನು ನೆನೆದರು. ಫೋಟೊ ವಾಪಸ್ ಕೊಡೆಂದು ಕೇಳಲಿಲ್ಲ. ಸುಳ್ಳು ಬಾಯಿಗೆ ಬಾರದಿರಲಿ ಎಂದಷ್ಟೇ ಕೇಳಿಕೊಂಡರು.

“ಇಪ್ಪತ್ತೊಂಬತ್ತು ಇದೆ ಅಂಚೆಯಣ್ಣ. ಹನ್ನೆರಡು ಹೋಯ್ತು.”

“ಯಾವ ಹನ್ನೆರಡು?”

ಉಳಿದವನ್ನು ಅಚ್ಚು ಹಾಕಿ ತಂದಿದ್ದರು, ತೋರಿಸಿದರು. ಅಂಚೆಯಣ್ಣ ಒಂದೊಂದನ್ನೇ ನೋಡಿ ಪಕ್ಕಕ್ಕಿಟ್ಟರು. ಎಲ್ಲ ಮುಗಿದ ಮೇಲೂ ಅವರ ಕಣ್ಣು ಏನನ್ನೋ ಹುಡುಕುತ್ತಿತ್ತು.

“ಅಮ್ಮಂದು? ಬಾವಿ ಹತ್ತಿರ ನಿಂತಿದ್ದು? ಅದೊಂದೇ ಇದ್ದದ್ದು ಅಂಟಪ್ಪ.”

“ಅದೂ ಹೋಯ್ತು.”

ಒಳಗೆ ಅಕ್ಕ ಯಾರನ್ನೋ ಕರೆಯುತ್ತಿದ್ದಳು. ಅಂಚೆಯಣ್ಣ ಏಳಲಿಲ್ಲ.

“ಅಳಿಸಲಾ ಅಂತ ನಿನ್ನ ಕೇಳಿದ್ದೆ.”

“ಕೇಳಿದ್ರಿ.”

“ನೀನು ಅಳಿಸಿ ಅಂದೆ.”

“ಅಂದೆ.”

ಅಂಚೆಯಣ್ಣ ಫೋಟೊಗಳನ್ನು ಒಟ್ಟಿಗೆ ಜೋಡಿಸಿಟ್ಟು ಕೇಳಿದರು: “ಇನ್ನು ಮುಂದೆ ಊರವರದ್ದನ್ನ ಎಲ್ಲಿಡ್ತೀಯ?”

“ಹುಡುಗಿ ಕ್ಲೌಡಲ್ಲಿ ಇಡು ಅಂತಾಳೆ. ಮನಸ್ಸು ಒಪ್ಪಲ್ಲ. ಕಾಣದವರ ಕೈ. ಇನ್ನೊಂದು ಒಳ್ಳೇ ಮೆಷಿನ್ ತಂದು ನನ್ನ ಹತ್ತಿರಾನೇ…”

“ಏ ಅಂಟಪ್ಪ!” ಅಲ್ಲಿಯವರೆಗೆ ಏರದ ದನಿ ಈಗ ಏರಿತು. “ಒಂದು ಕಾಗದ ಊರಿಂದ ಊರಿಗೆ ಹೋಗೋಕೆ ಎಷ್ಟು ಕೈ ದಾಟುತ್ತೆ ಗೊತ್ತಾ ನಿಂಗೆ? ಪೆಟ್ಟಿಗೆ, ಚೀಲ, ರೈಲು, ವಿಂಗಡಿಸೋರು, ಕೊನೇಗೆ ನಾನು. ಬರೆದೋರು ನಮ್ಮಲ್ಲಿ ಯಾರ ಮುಖ ನೋಡಿದ್ರು? ಆದರೂ ತಲುಪ್ತಿತ್ತು. ನಾವೆಲ್ಲ ಸಾಧುಗಳು ಅಂತಲಾ? ನಮ್ಮಲ್ಲೂ ಮಹಾ ಸೋಮಾರಿಗಳಿದ್ರು. ಕ್ರಮ ಇತ್ತಪ್ಪಾ, ಕ್ರಮ. ಲಕೋಟೆ ಮುಚ್ಚಿರುತ್ತಿತ್ತು. ವಿಳಾಸ ಇತ್ತು. ರಿಜಿಸ್ಟರಲ್ಲಿ ಸಹಿ ಇತ್ತು. ನಾನು ಪ್ರೀತಿ ಉಕ್ಕಿ ಊರವರ ಕಾಗದಾನ ಮನೇಲಿ ದಿಂಬಿನ ಕೆಳಗೆ ಇಟ್ಕೊಂಡಿದ್ರೆ ನನ್ನ ಕೆಲಸದಿಂದಲೇ ಕಿತ್ತು ಹಾಕ್ತಿದ್ರು.”

ಅಂಚೆಯಣ್ಣ ಜೋಡಿಸಿಟ್ಟ ಫೋಟೊಗಳತ್ತ ಕೈ ತೋರಿಸಿದರು.

“ನಿನ್ನ ಹತ್ತಿರಾನೇ ಇರಬೇಕು ಅನ್ನೋದು ನಿನ್ನ ಸಮಾಧಾನಕ್ಕೆ. ನಮ್ಮಮ್ಮನ ಫೋಟೊಗೆ ಅದರಿಂದ ಏನಾಯ್ತು?”

ಆ ಮಾತು ನಾಟಿತು. ಮುಂದಿನ ರಜೆಯ ದಿನ ಅಂಟಪ್ಪನೇ ಸೊಸೆಯ ಮನೆಗೆ ಹೋಗಿ ಕರೆತಂದರು. ಅತ್ತೆ ನೋಟುಪುಸ್ತಕ ಬಿಚ್ಚಿ ಕೂತರು.

“ಆ ಕಟ್ಟಡದೋರ ಹತ್ತಿರ ನಮ್ಮ ಅಂಗಡಿಯ ಹೆಸರಲ್ಲಿ ಒಂದು ಕೋಣೆ ತಗೊಂಡ ಹಾಗೆ,” ಎಂದಳು ಅವಳು. “ಅದನ್ನ ಬಕೆಟ್ ಅಂತಾರೆ.”

“ಮೋಡ ಆಯ್ತು, ಈಗ ಬಕೆಟ್ಟಾ? ನಿಮ್ಮೋರಿಗೆ ನೀರು ಬಿಟ್ಟು ಬೇರೇನೂ ಹೊಳೆಯಲ್ವಾ? ಬಾಡಿಗೆ ಎಷ್ಟೋ?”

“ಇಟ್ಟಷ್ಟಕ್ಕೆ ಮಾತ್ರ. ನಿಮ್ಮ ಅಂಗಡಿಯಷ್ಟಕ್ಕೆ ಅದು ದೊಡ್ಡದೇನಲ್ಲ. ಈಗ ಕೇಳಿ. ಸೈಟು ನಿಮ್ಮ ಮೇಜಿನ ಕೆಳಗೇ ಇರುತ್ತೆ. ಗಿರಾಕಿ ಫೋಟೊ ಕಳಿಸ್ತೀನಿ ಅಂದಾಗ ಸೈಟು ಒಂದು ಅನುಮತಿ ಚೀಟಿ ಕೊಡುತ್ತೆ. ಫೋಟೊ ಅವರ ಫೋನಿಂದ ನೇರವಾಗಿ ಆ ಕೋಣೆಗೇ ಹೋಗುತ್ತೆ. ನಿಮ್ಮ ಮೆಷಿನ್ನಲ್ಲಿ ಉಳಿಯೋದು ಅದರ ವಿಳಾಸ ಮಾತ್ರ. ಆಗ ಅತ್ತೆ ವಾರಕ್ಕೊಂದು ಸಲ ರಟ್ಟು ಕಿತ್ತರೂ ಫೋಟೊ ಅಲ್ಲಾಡಲ್ಲ.”

“ವಿಳಾಸ ಬರೆದ ಪುಸ್ತಕಾನೇ ಕಳೆದುಹೋದ್ರೆ?” ಎಂದರು ಅತ್ತೆ.

“ಸರಿಯಾಗಿ ಕೇಳಿದ್ರಿ. ಅದಕ್ಕೂ ದಿನಾ ಒಂದು ಪ್ರತಿ ಬೇರೆ ಕಡೆ ಹೋಗಬೇಕು. ಮಾವ, ನಿಮಗೊಂದು ಪ್ರಶ್ನೆ. ಎರಡು ಮನೆಯೋರು ಫೋಟೊಗೆ ‘ಅಮ್ಮ’ ಅಂತಲೇ ಹೆಸರಿಟ್ಟು ಕಳಿಸಿದ್ರೆ?”

ಅಂಟಪ್ಪ ಯೋಚಿಸಿದರು. “ಎರಡನೇ ಅಮ್ಮ ಬಂದು ಮೊದಲನೇ ಅಮ್ಮನ ಜಾಗದಲ್ಲಿ ಕೂರ್ತಾಳೆ.”

“ಅಷ್ಟೇ. ಅದಕ್ಕೆ ಗಿರಾಕಿ ಇಟ್ಟ ಹೆಸರಿನಲ್ಲಿ ಇಡೋದಿಲ್ಲ. ಒಂದೊಂದಕ್ಕೂ ಇನ್ನೊಂದಕ್ಕೆ ಇಲ್ಲದ ಉದ್ದನೇ ನಂಬರು ಕೊಡ್ತೀವಿ.”

“ನಾವು ಪುಸ್ತಕದ ಬೆನ್ನಿಗೆ ಚೀಟಿ ಕಟ್ಟೋ ಹಾಗೆ. ಅದು ಗೊತ್ತು ನಂಗೆ.” ಅಂಟಪ್ಪನ ಕುರ್ಚಿ ಒಂದಿಷ್ಟು ಹತ್ತಿರ ಸರಿಯಿತು. “ಆದರೆ ದಾರಿಹೋಕರೆಲ್ಲ ಒಳಗೆ ಬಂದು ನೋಡಿದ್ರೆ? ಹೆಂಗಸರು, ಮಕ್ಕಳ ಫೋಟೊ ಇರುತ್ತೆ.”

“ಕೋಣೆಗೆ ಬೀಗ ಹಾಕಿರ್ತೀವಿ. ಅದನ್ನ ತೆರೆದಿಟ್ಟು ಎಷ್ಟೋ ಜನ ಮಾನ ಕಳಕೊಂಡಿದ್ದಾರೆ. ಫೋಟೊ ಕಳಿಸಿದವರು ಬಂದು ಕೇಳಿದಾಗ ಸೈಟು ಅವರಿಗೆ ಮಾತ್ರ ಹದಿನೈದು ನಿಮಿಷ ನಡೆಯೋ ಒಂದು ಲಿಂಕ್ ಕೊಡುತ್ತೆ. ಆಮೇಲೆ ಅದೇ ಲಿಂಕ್ ಒತ್ತಿದ್ರೂ ಬಾಗಿಲು ತೆರೆಯಲ್ಲ.”

ಕೋಣೆ ಹಿಡಿದಾಯಿತು. ಅದಕ್ಕಾಗಿ ಅತ್ತೆ ಹೊಸದಾಗಿ ಬರೆದ ಪ್ರೋಗ್ರಾಮನ್ನು ಓದುತ್ತಾ ಅವಳು ಹುಬ್ಬು ಗಂಟಿಕ್ಕಿದಳು. ಬಕೆಟ್ಟಿನ ಕೀಲಿಯ ಅಕ್ಷರಗಳನ್ನು ಅತ್ತೆ ಪ್ರೋಗ್ರಾಮಿನ ಮೊದಲ ಸಾಲಿನಲ್ಲೇ ಬರೆದಿಟ್ಟಿದ್ದರು. “ಅತ್ತೆ, ಬೀಗ ಹಾಕಿ ಕೀಲಿಕೈಯನ್ನ ಬಾಗಿಲಿಗೇ ಅಂಟಿಸಿದ್ದೀರಲ್ಲ! ಅಂಟಿನ ಅಂಗಡಿ ಅಂತ ಎಲ್ಲಾನೂ ಅಂಟಿಸೋದಾ?” ಕೀಲಿಯನ್ನು ಅಲ್ಲಿಂದ ತೆಗೆಸಿದಳು. ಬಾಗಿಲಿಗೆ ಅಂಟಿದ್ದ ಆ ಕೀಲಿಯನ್ನೇ ರದ್ದು ಮಾಡಿ, ಹೊಸದೊಂದನ್ನು ಪ್ರೋಗ್ರಾಮಿನಿಂದ ಬೇರೆಯಾಗಿ ಇಡಿಸಿದಳು. ಆ ಹೊಸ ಕೀಲಿಗೆ ಆ ಒಂದು ಕೋಣೆ ಬಿಟ್ಟರೆ ಬೇರೆ ಯಾವುದೂ ತೆರೆಯದು. ಬಂದದ್ದು ನಿಜವಾಗಿ ಚಿತ್ರವೋ ಅಥವಾ ಚಿತ್ರದ ಹೆಸರಿನಲ್ಲಿ ಬೇರೇನಾದರೂ ನುಸುಳಿತೋ, ಅಳತೆ ಮೀರಿದೆಯೋ ಎಂದು ನೋಡಿ ಒಳಗೆ ಬಿಡುವ ಏರ್ಪಾಡೂ ಆಯಿತು. ತೆರೆಯ ಮೇಲೆ ಬೇಗ ಕಾಣಲು ಚಿಕ್ಕ ಪ್ರತಿ ಬೇರೆ. ಮೂಲ ಫೋಟೊವನ್ನು ಕುಗ್ಗಿಸದೆ ಬಂದ ಹಾಗೇ ಇಡುವುದೆಂದು ಅಂಟಪ್ಪ ಪಟ್ಟು ಹಿಡಿದರು. “ಹೊಲಿಗೆ ಕಾಣಬೇಕು,” ಎಂದರು.

“ಯಾರಾದ್ರೂ ಕೈತಪ್ಪಿ ಅಳಿಸಿದ್ರೆ?” ಇದು ಅತ್ತೆಯ ಪ್ರಶ್ನೆ. ಕೇಳುವಾಗ ದನಿ ಸಣ್ಣಗಿತ್ತು.

“ಹಳೇ ಪ್ರತಿಗಳನ್ನ ಉಳಿಸೋ ವ್ಯವಸ್ಥೆ ಇದೆ, ಅದನ್ನ ನಾವೇ ಹೇಳಿ ಶುರು ಮಾಡಿಸಬೇಕು. ಈಗ ಮಾಡಿಸಿದ್ದೀನಿ. ಅಳಿಸಿದ್ದನ್ನ ತೊಂಬತ್ತು ದಿನ ಎತ್ತಿಡ್ತಾರೆ. ಅದರ ಮೇಲೂ ಇನ್ನೊಂದು ಪ್ರತಿ ಬೇರೆ ಕಂಪನಿಯ ಕೋಣೇಲಿ ಇಡೋಣ. ಒಂದೇ ಬಾಗಿಲನ್ನ ನಂಬಬೇಡಿ. ಮತ್ತೆ, ವಾಪಸ್ ಬರುತ್ತೆ ಅಂತ ನಂಬಿ ಕೂರಬೇಡಿ. ತಿಂಗಳಿಗೊಂದು ಸಲ ಬೇಕಂತಲೇ ಒಂದನ್ನ ಅಳಿಸಿ, ವಾಪಸ್ ತಂದು ನೋಡಿ.”

ಅಂದಿನಿಂದ ಅತ್ತೆ ಪ್ರತಿ ತಿಂಗಳ ಮೊದಲ ದಿನ ಆ ಪರೀಕ್ಷೆ ಮಾಡುತ್ತಾರೆ. “ಎಲ್ಲ ಬಿಟ್ಟು ನಮ್ಮ ಮದುವೆ ಫೋಟೊನೇ ಅಳಿಸ್ತಾಳೆ ನೋಡಿ,” ಎಂದು ಅಂಟಪ್ಪ ಬಂದವರ ಹತ್ತಿರ ದೂರುತ್ತಾರೆ.

“ಪ್ರತಿ ಸಲ ವಾಪಸ್ ತರ್ತೀನಲ್ಲ, ಅದಕ್ಕೆ ಖುಷಿಪಡಿ,” ಎನ್ನುತ್ತಾರೆ ಅತ್ತೆ.

ಸೈಟಿನ ಆ ಸಾಲೂ ಬದಲಾಯಿತು. ಫೋಟೊ ಎರಡೂ ಕೋಣೆ ಸೇರಿತೆಂದು ಖಾತ್ರಿಯಾದ ಮೇಲೆಯೇ ‘ತಲುಪಿದೆ’ ಎಂಬ ಮಾತು ಬರುತ್ತದೆ. ಅದರ ಕೆಳಗೆ ಇನ್ನೊಂದು ಸಾಲು: ‘ಪುಸ್ತಕ ನಿಮ್ಮ ಕೈ ಸೇರುವವರೆಗೆ ನಿಮ್ಮಲ್ಲಿರುವುದನ್ನು ದಯವಿಟ್ಟು ಅಳಿಸಬೇಡಿ.’

ಅಕ್ಕನ ಪುಸ್ತಕವನ್ನು ಅಂಟಪ್ಪ ತಾವೇ ಹೊಲಿದರು. ನಲವತ್ತೊಂದು ಪುಟ. ಇಪ್ಪತ್ತೊಂಬತ್ತರಲ್ಲಿ ಫೋಟೊ. ಹನ್ನೆರಡರಲ್ಲಿ ಒಂದು ತೆಳುಗೆರೆಯ ಚೌಕ ಮಾತ್ರ. ಅದರ ಕೆಳಗೆ ಅಲ್ಲಿ ಏನಿತ್ತೆಂದು ಅಂಚೆಯಣ್ಣ ತಮ್ಮ ಕೈಬರಹದಲ್ಲಿ ಬರೆದರು. ಒಂದು ಬೆಳಗ್ಗೆ ಇಬ್ಬರೂ ಸೇರಿ ಅದನ್ನು ಅಕ್ಕನ ಮಡಿಲಿಗಿಟ್ಟರು.

ಅಕ್ಕ ಕಿಟಕಿಯ ಬೆಳಕಿಗೆ ಹಿಡಿದು ಪುಟ ತಿರುಗಿಸಿದಳು. ಬೆರಳು ಒಂದು ತೋಳಿನ ಅಂಚಿನ ಮೇಲೆ ನಿಂತಿತು. “ಇದಕ್ಕೆ ಬಟ್ಟೆ ಸಾಲಲಿಲ್ಲ. ಕಂಕುಳಲ್ಲಿ ಬೇರೆ ತುಂಡು ಕೊಟ್ಟೆ. ಯಾರಿಗೂ ಕಾಣಲ್ಲ.” ಇನ್ನೂ ಸ್ವಲ್ಪ ನೋಡಿದಳು. ತಲೆಯೆತ್ತಿ ತಮ್ಮನ ಮುಖ ನೋಡಿದಳು. “ಪುಟ್ಟ, ಊಟ ಆಯ್ತೇನೋ?”

ಅಂಚೆಯಣ್ಣ ತಲೆಯಾಡಿಸಿದರು.

ಅಕ್ಕ ಮುಂದೆ ತಿರುಗಿಸಿದಳು. ಖಾಲಿ ಚೌಕ ಬಂತು. ಕೆಳಗೆ ಬರೆದಿತ್ತು: ‘ಅಮ್ಮ, ಬಾವಿಯ ಹತ್ತಿರ.’ ಅವಳು ಅಂಗೈಯಿಂದ ಪುಟವನ್ನು ಸವರಿದಳು, ಬಟ್ಟೆಯ ನೆರಿಗೆ ಬಿಡಿಸುವವಳಂತೆ.

“ಇಲ್ಲಿ ಏನಿತ್ತು?”

“ಅಮ್ಮನ ಫೋಟೊ ಇತ್ತು ಅಕ್ಕ,” ಎಂದರು ಅಂಟಪ್ಪ. “ನನ್ನ ಹತ್ತಿರ ಇಡೋಕೆ ಕೊಟ್ಟಿದ್ರು. ನಾನು ಸರಿಯಾಗಿ ಇಡಲಿಲ್ಲ. ಹೋಯ್ತು.”

ಅಕ್ಕ ಕೋಪಿಸಿಕೊಳ್ಳಲಿಲ್ಲ. ತಮ್ಮನ ಕಡೆ ತಿರುಗಿದಳು. “ಏನು ಉಟ್ಟಿದ್ದಳೋ?”

ಅಂಚೆಯಣ್ಣ ಕಣ್ಣು ಮುಚ್ಚಿ ಹುಡುಕಿದರು. ಬಾವಿ ನೆನಪಿತ್ತು, ಹಗ್ಗ ನೆನಪಿತ್ತು, ಅಮ್ಮನ ನಗು ನೆನಪಿತ್ತು. ಬಟ್ಟೆಯನ್ನು ಅವರು ಎಂದೂ ಗಮನಿಸಿರಲಿಲ್ಲ. ಬಟ್ಟೆ ನೋಡುತ್ತಿದ್ದವಳು ಅಕ್ಕ.

“ಗೊತ್ತಿಲ್ಲ ಅಕ್ಕ.”

ಅಕ್ಕ ಕಾದಳು. ಆಮೇಲೆ ಪುಟ ತಿರುಗಿಸಿದಳು.

ಇಂದಿಗೂ ಅಂಟಪ್ಪ ತಿಂಗಳಿಗೊಮ್ಮೆ ಆ ಮನೆಗೆ ಹೋಗುತ್ತಾರೆ. ಅಕ್ಕನಿಗೆ ಹಿಂದಿನ ಭೇಟಿ ನೆನಪಿರುವುದಿಲ್ಲ. ಆ ಪುಟ ಬಂದಾಗ ಪ್ರತಿ ಸಲವೂ ಹೊಸದಾಗಿ ಕೇಳುತ್ತಾಳೆ: “ಇಲ್ಲಿ ಏನಿತ್ತು?” ಅಂಟಪ್ಪ ಪ್ರತಿ ಸಲವೂ ಮೊದಲಿನಿಂದ ಹೇಳುತ್ತಾರೆ. ಒಂದು ಮಾತನ್ನೂ ಬಿಡುವುದಿಲ್ಲ.

ಇದನ್ನು ಓದುತ್ತಿರುವ, ಗುಂಪಿನಲ್ಲಿ ಕೂತು ಕೇಳುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನೀವೂ ಜನರಿಂದ ಏನಾದರೂ ತರಿಸಿಕೊಳ್ಳುವ ಸೈಟು ನಡೆಸುತ್ತಿರಬಹುದು. ಮಗುವಿನ ಶಾಲೆಯ ಅರ್ಜಿ ಇರಬಹುದು, ರೋಗಿಯ ಚೀಟಿ ಇರಬಹುದು, ಮನೆಯ ಪತ್ರ ಇರಬಹುದು. ಅದನ್ನು ಸೈಟಿನ ಹೊಟ್ಟೆಯಲ್ಲಿ ಇಡಬೇಡಿ. ಬೇರೆಯಾಗಿ ಕ್ಲೌಡಿನಲ್ಲಿಡಿ, ಬೀಗ ಹಾಕಿಡಿ, ಒಂದೊಂದಕ್ಕೂ ಅದರದೇ ನಂಬರು ಕೊಡಿ, ಇನ್ನೊಂದು ಪ್ರತಿ ಮಾಡಿಸಿ. ಗೊತ್ತಾಗದಿದ್ದರೆ ಬಲ್ಲವರನ್ನು ಕೇಳಿ. ಐವತ್ತೆರಡರಲ್ಲಿ ಕಲಿತವರಿದ್ದಾರೆ, ನಾಚಿಕೆ ಬೇಡ. ನಿಮ್ಮನ್ನು ನಂಬಿ ಕಳಿಸಿದವರ ಬಳಿ ಬೇರೆ ಪ್ರತಿ ಇದೆಯೋ ಇಲ್ಲವೋ ನಿಮಗೆ ತಿಳಿಯದು, ದೇವರಿಗೆ ಮಾತ್ರ ತಿಳಿದಿರುತ್ತದೆ. ಆದ್ದರಿಂದ ಇದ್ದದ್ದು ಅದೊಂದೇ ಎಂದುಕೊಂಡು ಇವತ್ತೇ ಎತ್ತಿಡಿ.